ಬ್ರಹ್ಮ ಕೋಳಿಯ ಕಾವಿನ ಮೊಟ್ಟೆ ತರಿಸುವ ಮುನ್ನ

ಕಳೆದ ಆಷಾಢದಲ್ಲಿ ನಾನು ಬೇರೆ ಜಿಲ್ಲೆಯ ಮಾರಾಟಗಾರರೊಬ್ಬರಿಂದ ಬ್ರಹ್ಮ ಕೋಳಿಯ 24 ಕಾವಿನ ಮೊಟ್ಟೆಗಳನ್ನು, ಒಂದಕ್ಕೆ 180 ರೂಪಾಯಿಯಂತೆ, ಪೂರ್ತಿ ಹಣವನ್ನು ಮುಂಗಡವಾಗಿಯೇ ಕೊಟ್ಟು ತರಿಸಿಕೊಂಡೆ. ಎಂಟು ತಿಂಗಳು ಸಾಕಿದ ಮೇಲೆ ನನ್ನ ಗೂಡಿನಲ್ಲಿ ಉಳಿದಿರುವುದು ನಾಲ್ಕು ಮಿಶ್ರತಳಿ ಕೋಳಿಗಳು. ಬೇಗ ಬೆಳೆಯುವ ಕೋಳಿಯಲ್ಲಿ ಮೋಸವಾದರೆ ಎರಡು ತಿಂಗಳಲ್ಲಿ ಗೊತ್ತಾಗುತ್ತದೆ. ಪೂರ್ಣ ಗಾತ್ರಕ್ಕೆ ಬರಲು ಒಂದೂವರೆ ಎರಡು ವರ್ಷ ಹಿಡಿಯುವ ತಳಿಯಲ್ಲಿ ಮಾತ್ರ ಮಾರಿದವರು ಪ್ರತಿ ಬಾರಿಯೂ ‘ಇನ್ನೂ ಕಾಯಿರಿ’ ಎಂದು ಹೇಳಿ ಪಾರಾಗಬಹುದು.

ಹೆಸರು ಬ್ರಹ್ಮಪುತ್ರದಿಂದ ಬಂದಿರುವುದರಿಂದ ಇದು ನಮ್ಮ ದೇಶದ್ದೇ ತಳಿ, ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ ಎಂದು ಅವರು ಹೇಳಿದ್ದರು, ನಾನೂ ನಂಬಿದೆ. ವಾಸ್ತವದಲ್ಲಿ ಇದು ಶಾಂಘೈ ಬಂದರಿನಿಂದ ಹಡಗೇರಿ ಹೋದ ಕೋಳಿಗಳಿಂದ 19ನೇ ಶತಮಾನದ ನಡುಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡ ತಳಿ. ದಟ್ಟ ಪುಕ್ಕವಿರುವ ಇದಕ್ಕೆ ಚಳಿಯೇ ಹಿತ.

ಪೆಟ್ಟಿಗೆ ಬಂದ ದಿನ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಸಾಗಾಟದಲ್ಲಿ ಕುಲುಕಿದ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ 12ರಿಂದ 24 ಗಂಟೆ ಸುಮ್ಮನೆ ಇಟ್ಟು, ಆಮೇಲೆ ಕಾವಿಗೆ ಇಡಬೇಕಿತ್ತು. ನಾನು ಸಂಜೆಯೇ ಇನ್‌ಕ್ಯುಬೇಟರ್‌ಗೆ ಹಾಕಿಬಿಟ್ಟೆ. ಫ್ಯಾನ್ ಇರುವ ಪೆಟ್ಟಿಗೆಯಾದ್ದರಿಂದ ಉಷ್ಣತೆಯನ್ನು 37.5 ಡಿಗ್ರಿಯಲ್ಲಿ ಹಿಡಿದಿದ್ದೆ. ಏಳನೆಯ ರಾತ್ರಿ ಟಾರ್ಚ್ ಬೆಳಕಿನಲ್ಲಿ ನೋಡಿದಾಗ 11 ಮೊಟ್ಟೆಗಳು ಖಾಲಿಯಾಗಿ ಹೊಳೆಯುತ್ತಿದ್ದವು, ನಾಲ್ಕರಲ್ಲಿ ಭ್ರೂಣ ಸತ್ತ ಗುರುತಾದ ರಕ್ತದ ಉಂಗುರವಿತ್ತು. ಮಾರಾಟಗಾರರಿಗೆ ಫೋನ್ ಮಾಡಿದಾಗ, ಕೊರಿಯರ್‌ನವರು ಕುಲುಕಿದ್ದರಿಂದ ಹೀಗಾಗಿದೆ ಎಂಬ ಉತ್ತರ ಬಂತು. ಕುಲುಕಾಟದಿಂದ ಗಾಳಿಕೋಣೆ ಸಡಿಲವಾಗಿ ಭ್ರೂಣ ಸಾಯುವುದು ನಿಜ, ಉಂಗುರವಿದ್ದ ನಾಲ್ಕರ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಆದರೆ ಖಾಲಿಯಾಗಿದ್ದ ಹನ್ನೊಂದನ್ನೂ ಒಡೆದು ನೋಡಿದಾಗ ರಕ್ತದ ಒಂದು ಎಳೆಯೂ ಇರಲಿಲ್ಲ, ಹಳದಿಯ ಮೇಲೆ ಸಣ್ಣ ಬಿಳಿ ಚುಕ್ಕೆ ಮಾತ್ರವಿತ್ತು. ಅವು ಹುಂಜ ಸೇರದ ಹೇಂಟೆಯ ಮೊಟ್ಟೆಗಳೆಂದೇ ನನ್ನ ತೀರ್ಮಾನ. ಒಡೆದವುಗಳ ಫೋಟೋ ತೆಗೆದಿಡದೆ ಗೊಬ್ಬರದ ಗುಂಡಿಗೆ ಹಾಕಿದ್ದು ನನ್ನ ಎರಡನೆಯ ತಪ್ಪು.

ಉಳಿದ ಒಂಬತ್ತರಲ್ಲಿ 21ನೆಯ ದಿನ ಐದು ಮರಿಗಳು ಹೊರಬಂದವು, ನಾಲ್ಕು ಚಿಪ್ಪಿನೊಳಗೇ ಸತ್ತವು. ಹದಿನೈದನೆಯ ದಿನ ನಾಲ್ಕು ಗಂಟೆ ಕರೆಂಟ್ ಹೋಗಿತ್ತು, ಅದರ ಹೊಣೆ ನನ್ನದೇ. ಮರಿಯೊಂದು ಮೊದಲ ವಾರದಲ್ಲೇ ಹೋಯಿತು. ಮಿಕ್ಕ ನಾಲ್ಕಕ್ಕೆ ಕೊಕ್ಕರೆ ರೋಗದ ಲಸಿಕೆಯನ್ನೂ ಗುಂಬೋರೋ ಲಸಿಕೆಯನ್ನೂ ಹೊತ್ತಿಗೆ ಸರಿಯಾಗಿ ಹಾಕಿಸಿದೆ.

ಮರಿಗಳ ಕಾಲಿನಲ್ಲಿ ಪುಕ್ಕವಿದ್ದುದರಿಂದ ಅಸಲಿ ತಳಿಯೆಂದು ಸಮಾಧಾನಪಟ್ಟೆ. ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಇದೇ. ಪುಕ್ಕಗಾಲಿನ ಗುಣ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮರಿಯಲ್ಲಿ ಅಷ್ಟಿಷ್ಟು ಕಾಣಿಸಿಕೊಳ್ಳುತ್ತದೆ. ಬ್ರಹ್ಮದಲ್ಲಿ ಹೊರಬೆರಳಿನ ಜೊತೆಗೆ ನಡುಬೆರಳಿನ ಮೇಲೂ ಪುಕ್ಕವಿರಬೇಕು. ನನ್ನ ಮರಿಗಳ ನಡುಬೆರಳು ಬೋಳಾಗಿತ್ತು. ಜುಟ್ಟು ತಲೆಗೆ ಅಂಟಿದಂತೆ ಕುಳ್ಳಗೆ, ಮೂರು ಸಾಲು ಬಟಾಣಿ ಜೋಡಿಸಿದಂತಿರಬೇಕು. ಎರಡು ಕೋಳಿಗಳಿಗೆ ನಾಟಿ ಕೋಳಿಯಂತೆ ಒಂಟಿ ಗರಗಸದ ಜುಟ್ಟು ನೆಟ್ಟಗೆ ನಿಂತಿತು. ಉಳಿದೆರಡರ ಜುಟ್ಟು ಸರಿಯಾಗಿದ್ದರೂ ಅದೊಂದೇ ಸಾಲದು, ಏಕೆಂದರೆ ಅಸೀಲ್ ಕೋಳಿಗೂ ಅಂಥದೇ ಜುಟ್ಟಿರುತ್ತದೆ. ಈ ಗುರುತುಗಳನ್ನು ಮೊದಲ ತಿಂಗಳಿನಲ್ಲೇ ನೋಡಲು ನನಗೆ ತಿಳಿದಿದ್ದರೆ, ಮುಂದಿನ ಏಳು ತಿಂಗಳು ಅವಕ್ಕೆ ಸುರಿದ ಸುಮಾರು 80 ಕೆ.ಜಿ. ಆಹಾರ ಉಳಿಯುತ್ತಿತ್ತು.

ಎಂಟನೆಯ ತಿಂಗಳಿನಲ್ಲಿ ದೊಡ್ಡ ಹುಂಜ ತೂಗಿದ್ದು 2.4 ಕೆ.ಜಿ. ತಿಳಿಬಣ್ಣದ ಬ್ರಹ್ಮದಲ್ಲಿ ಬಲಿತ ಹುಂಜಕ್ಕೆ ಹೇಳಲಾಗುವ ತೂಕ ಸುಮಾರು 5.4 ಕೆ.ಜಿ. ಬರೀ ಮಾಂಸಕ್ಕಾಗಿ ತೂಕದ ಕೋಳಿ ಬೇಕೆನ್ನುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜವೇ ಇರುವಾಗ ಈ ಗೋಜು ಬೇಕಾಗಿಯೇ ಇಲ್ಲ. ಆದರೆ ಹವ್ಯಾಸವೆಂಬುದು ಲೆಕ್ಕ ಕೇಳುವುದಿಲ್ಲ.

ತರಿಸಲೇಬೇಕೆಂದಿರುವವರು ಸಾಧ್ಯವಾದರೆ ಖುದ್ದಾಗಿ ಹೋಗಿ ಹುಂಜ ಮತ್ತು ಹೇಂಟೆಗಳ ನಡುಬೆರಳನ್ನೂ ಜುಟ್ಟನ್ನೂ ನೋಡಿ, ಅದೇ ಗೂಡಿನ ಮೊಟ್ಟೆಗಳನ್ನು ತನ್ನಿ. ಹೋಗಲಾಗದಿದ್ದರೆ ಗೂಡಿನಲ್ಲಿರುವಾಗಲೇ ವಿಡಿಯೋ ಕರೆಯಲ್ಲಿ ತೋರಿಸುವಂತೆ ಕೇಳಿ, ಏಕೆಂದರೆ ನನಗೆ ಕಳಿಸಿದ ಫೋಟೋಗಳು ಬೇರೆ ಯಾರದೋ ಕೋಳಿಗಳದ್ದೆಂದು ಆಮೇಲೆ ತಿಳಿಯಿತು. ಮೊಟ್ಟೆಯ ಮೇಲೆ ಇಟ್ಟ ದಿನಾಂಕ ಬರೆಸಿ, ಏಳು ದಿನ ದಾಟಿದ್ದನ್ನು ಬೇಡವೆನ್ನಿ, ಪೂರ್ತಿ ಹಣವನ್ನು ಮುಂಚಿತವಾಗಿ ಕೊಡಬೇಡಿ. ಹಣ ಪಡೆದು ಮೊಟ್ಟೆಯನ್ನೇ ಕಳಿಸದೆ ಫೋನ್ ಎತ್ತದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಬ್ರಹ್ಮ ಹೇಂಟೆ ಸಾಮಾನ್ಯವಾಗಿ ಏಳು ತಿಂಗಳ ಆಸುಪಾಸಿನಲ್ಲಿ ಮೊಟ್ಟೆಗೆ ಬರುತ್ತದೆ. ನನ್ನದು ಐದೂವರೆ ತಿಂಗಳಿಗೇ ಇಟ್ಟಿತು. ಆ ಮೊಟ್ಟೆಯ ಫೋಟೋ ಕಳಿಸಿದ್ದಕ್ಕೆ ಮಾರಾಟಗಾರರಿಂದ ಬಂದ ಕೊನೆಯ ಉತ್ತರ, ‘ನಿಧಾನದ ತಳಿ ಸಾರ್, ಇನ್ನೂ ಒಂದು ವರ್ಷ ನೋಡಿ.’