ವೈರ್‌ಶಾರ್ಕ್ ಇಟ್ಟುಕೊಂಡು ಸೆಕ್ಯುರಿಟಿ ಪ್ಲಸ್‌ಗೆ ಓದಿದ್ದು

ಸೆಕ್ಯುರಿಟಿ ಪ್ಲಸ್ ಅನ್ನೋದು ಕಾಂಪ್‌ಟಿಯಾ ಸಂಸ್ಥೆ ನಡೆಸುವ ಸೈಬರ್ ಭದ್ರತೆಯ ಪರೀಕ್ಷೆ. ಅದಕ್ಕೆ ಓದಲು ಇಟ್ಟುಕೊಂಡ ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಪೋರ್ಟ್ ನಂಬರ್‌ಗಳ, ಅಂದರೆ ಕಂಪ್ಯೂಟರ್‌ನಲ್ಲಿ ಒಂದೊಂದು ಸೇವೆಗೂ ಗೊತ್ತುಮಾಡಿದ ಬಾಗಿಲ ಸಂಖ್ಯೆಗಳ, ಪಟ್ಟಿ ಇತ್ತು. ದೂರದ ಕಂಪ್ಯೂಟರ್‌ಗೆ ಲಾಗಿನ್ ಆಗುವ ಟೆಲ್ನೆಟ್ 23, ಎಸ್‌ಎಸ್‌ಎಚ್ 22, ಬಳಕೆದಾರರ ವಿವರಗಳ ಕೋಶವನ್ನು ವಿಚಾರಿಸುವ ಎಲ್‌ಡ್ಯಾಪ್ 389, ಅದರ ಭದ್ರ ರೂಪ 636. ಹದಿನೈದು ದಿನ ಬಾಯಿಪಾಠ ಮಾಡಿದೆ. ಹದಿನಾರನೇ ದಿನ ಮಾಕ್ ಟೆಸ್ಟ್‌ನಲ್ಲಿ ಫೈಲ್‌ಗಳನ್ನು ಭದ್ರವಾಗಿ ಕಳಿಸುವ ಎಸ್‌ಎಫ್‌ಟಿಪಿ ಮತ್ತು ಎಫ್‌ಟಿಪಿಎಸ್ ಎರಡನ್ನೂ ಅದಲು ಬದಲು ಮಾಡಿದೆ. ದುಡ್ಡು ಕೊಟ್ಟು ಸೇರಿದ್ದ ವಿಡಿಯೋ ಕೋರ್ಸ್‌ನಲ್ಲಿ ಇದೇ ಪಟ್ಟಿಯನ್ನು ಓದಿ ಹೇಳಿದ್ದರು ಅಷ್ಟೇ. ಎರಡು ಹೆಸರು ಯಾಕೆ, ಒಳಗೆ ಏನು ನಡೆಯುತ್ತೆ ಅನ್ನೋದು ಎಲ್ಲೂ ಬರಲಿಲ್ಲ.

ನಾನು ಹೆಲ್ಪ್‌ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿನ ನೆಟ್‌ವರ್ಕ್ ತಂಡದ ಹಿರಿಯರೊಬ್ಬರಿಗೆ ಈ ಕಷ್ಟ ಹೇಳಿಕೊಂಡೆ. "ಪಟ್ಟಿ ಆಮೇಲೆ ಓದಿ. ಮೊದಲು ವೈರ್‌ಶಾರ್ಕ್ ಹಾಕ್ಕೊಳ್ಳಿ, ಒಂದು ಸಲ ಕಣ್ಣಾರೆ ನೋಡಿ" ಅಂದರು. ಎರಡೂವರೆ ತಿಂಗಳು ಅದನ್ನೇ ಮುಂದಿಟ್ಟುಕೊಂಡು ಓದಿ ಪಾಸಾದೆ. ಪ್ರೋಟೋಕಾಲ್‌ಗಳ, ಅಂದರೆ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮಗಳ, ಭಾಗಕ್ಕೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗಂತೂ ಸಿಗಲಿಲ್ಲ.

ವೈರ್‌ಶಾರ್ಕ್ ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಕಂಪ್ಯೂಟರ್‌ಗೆ ಬರುವ, ಅಲ್ಲಿಂದ ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಚಿಕ್ಕ ತುಂಡುಗಳನ್ನು, ಹಿಡಿದು ಬಿಡಿಸಿ ತೋರಿಸುವ ಸಾಫ್ಟ್‌ವೇರ್ ಇದು. ಜೆರಾಲ್ಡ್ ಕೋಂಬ್ಸ್ 1998ರಲ್ಲಿ ಈಥಿರಿಯಲ್ ಅನ್ನೋ ಹೆಸರಲ್ಲಿ ಶುರು ಮಾಡಿದರು, 2006ರಲ್ಲಿ ಈಗಿನ ಹೆಸರು ಬಂತು. ಓಪನ್ ಸೋರ್ಸ್, ಪೂರ್ತಿ ಉಚಿತ.

ಮೊದಲು ಹಿಡಿದದ್ದು ಟೆಲ್ನೆಟ್. ಲ್ಯಾಪ್‌ಟಾಪ್‌ನೊಳಗೇ ಒಂದು ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಿಂದಲೇ ಆದ ಇನ್ನೊಂದು ಕಂಪ್ಯೂಟರ್) ಮಾಡಿ, ಅದರಲ್ಲಿ ಟೆಲ್ನೆಟ್ ಸರ್ವರ್ ಹಾಕಿ ಲಾಗಿನ್ ಆದೆ. ಆಮೇಲೆ ಒಂದು ಪ್ಯಾಕೆಟ್ ಮೇಲೆ ರೈಟ್ ಕ್ಲಿಕ್ ಮಾಡಿ 'ಫಾಲೋ ಟಿಸಿಪಿ ಸ್ಟ್ರೀಮ್' ಒತ್ತಿದೆ. ಇಡೀ ಮಾತುಕತೆ ಒಂದೇ ಕಿಟಕಿಯಲ್ಲಿ ಬಿಚ್ಚಿಕೊಂಡಿತು. ನಾನು ಕಳಿಸಿದ್ದು ಕೆಂಪು, ಸರ್ವರ್ ಕಳಿಸಿದ್ದು ನೀಲಿ. ಬಳಕೆದಾರರ ಹೆಸರಿನ ಪ್ರತಿ ಅಕ್ಷರವೂ ಎರಡೆರಡು ಸಲ ಇತ್ತು, ಒಂದು ಕೆಂಪು, ಒಂದು ನೀಲಿ. ನಾನು ಒತ್ತಿದ ಅಕ್ಷರವನ್ನು ಸರ್ವರ್ ತಿರುಗಿ ಕಳಿಸಿದರೆ ತಾನೇ ಅದು ನನ್ನ ತೆರೆಯ ಮೇಲೆ ಕಾಣೋದು, ಅದಕ್ಕೆ. ಪಾಸ್‌ವರ್ಡ್ ಮಾತ್ರ ಒಂದೊಂದೇ ಅಕ್ಷರ, ಬರೀ ಕೆಂಪು. ಸರ್ವರ್ ಅದನ್ನು ತಿರುಗಿ ಕಳಿಸೋದಿಲ್ಲವಲ್ಲ. ಲಾಗಿನ್ ಆಗುವಾಗ ತೆರೆಯ ಮೇಲೆ ಏನೂ ಕಾಣಲಿಲ್ಲ ಅಂತ ನೆಮ್ಮದಿಯಿಂದ ಇದ್ದೆ. ತಂತಿಯಲ್ಲಿ ಮಾತ್ರ ಅದು ಹಾಗೇ ಬಿಚ್ಚುಬಿಚ್ಚಾಗಿ ಹೋಗಿತ್ತು.

ಪಕ್ಕದಲ್ಲಿ ಕೂತು ಓದುತ್ತಿದ್ದ ತಂಗಿ ಬಗ್ಗಿ ನೋಡಿ, "ಅಣ್ಣಾ, ನಿನ್ನ ಪಾಸ್‌ವರ್ಡ್ ಕಾಣ್ತಿದೆಯಲ್ಲೋ!" ಅಂದಳು. ಅವಳಿಗೆ ನೆಟ್‌ವರ್ಕಿಂಗ್ ಗಂಧಗಾಳಿ ಇಲ್ಲ. ಆದರೂ ಟೆಲ್ನೆಟ್ ಯಾಕೆ ಬೇಡ ಅನ್ನೋದು ಆ ಒಂದು ನೋಟಕ್ಕೇ ಅರ್ಥವಾಯಿತು.

ಅದೇ ಮಷೀನ್‌ಗೆ ಎಸ್‌ಎಸ್‌ಎಚ್‌ನಲ್ಲಿ ಹೋದಾಗ ಎರಡೂ ಕಡೆಯ ವರ್ಷನ್ ಸಾಲು, ಯಾವ್ಯಾವ ಆಲ್ಗರಿದಮ್ ಒಪ್ಪಿಗೆ ಅನ್ನೋ ಪಟ್ಟಿ ಇಷ್ಟು ಮಾತ್ರ ಓದಲಿಕ್ಕೆ ಸಿಕ್ಕಿತು. ಮುಂದೆಲ್ಲ ಅರ್ಥವಿಲ್ಲದ ಅಕ್ಷರಗಳ ರಾಶಿ. 1995ರಲ್ಲಿ ಫಿನ್‌ಲೆಂಡ್‌ನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದೇ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿದ ಮೇಲೆ. ಫೈಲ್ ಕಳಿಸುವ ಹಳೇ ವಿಧಾನ ಎಫ್‌ಟಿಪಿಯ 21 ಮತ್ತು ಟೆಲ್ನೆಟ್‌ನ 23ರ ನಡುವೆ ಖಾಲಿ ಇದ್ದ 22ನ್ನು ಅವರೇ ಕೇಳಿ ಪಡೆದರು. ಈ ಕತೆ ಗೊತ್ತಾದ ಮೇಲೆ ಮೂರೂ ನಂಬರ್ ನನಗೆ ಮರೆತೇ ಇಲ್ಲ.

ನನ್ನನ್ನು ಬೀಳಿಸಿದ್ದ ಜೋಡಿಯನ್ನೂ ಹೀಗೇ ನೋಡಿದೆ. ಎಸ್‌ಎಫ್‌ಟಿಪಿಯಲ್ಲಿ ಫೈಲ್ ಕಳಿಸಿದಾಗ ವೈರ್‌ಶಾರ್ಕ್‌ನಲ್ಲಿ ಎಫ್‌ಟಿಪಿ ಅನ್ನೋ ಹೆಸರೇ ಬರಲಿಲ್ಲ. 22ರಲ್ಲಿ ಎಸ್‌ಎಸ್‌ಎಚ್, ಅಷ್ಟೇ. ಎಫ್‌ಟಿಪಿಎಸ್‌ನಲ್ಲಿ 21ರಲ್ಲಿ ಮಾಮೂಲಿ ಎಫ್‌ಟಿಪಿ ಶುರುವಾಯಿತು, 'ಆಥ್ ಟಿಎಲ್‌ಎಸ್' ಅನ್ನೋ ಆಜ್ಞೆ ಕಣ್ಣಿಗೆ ಕಾಣುವ ಹಾಗೆ ಹೋಯಿತು, ಅಲ್ಲಿಂದ ಮುಂದೆ ಟಿಎಲ್‌ಎಸ್ ಮುಸುಕು. ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಪ್ರೋಟೋಕಾಲ್ ಈ ಟಿಎಲ್‌ಎಸ್. ಶುರುವಿನಿಂದಲೇ ಮುಸುಕು ಹಾಕಿಕೊಳ್ಳುವ ಬಗೆಯೂ ಇದೆ, ಅದು 990. ಒಂದು ಎಸ್‌ಎಸ್‌ಎಚ್‌ನ ಮಗು, ಇನ್ನೊಂದು ಟಿಎಲ್‌ಎಸ್ ಹೊದ್ದ ಹಳೇ ಎಫ್‌ಟಿಪಿ. ಇದನ್ನು ಆ ಕೋರ್ಸ್‌ನಲ್ಲಿ ಐದು ನಿಮಿಷ ತೋರಿಸಿದ್ದರೆ ಸಾಕಿತ್ತು ಅಲ್ವಾ?

ಜಾಸ್ತಿ ಹೊತ್ತು ಕೂತದ್ದು ಟಿಎಲ್‌ಎಸ್ ಮೇಲೆ. ಬ್ರೌಸರ್ ಸರ್ವರ್‌ಗೆ ಕಳಿಸುವ ಮೊದಲ ಸಂದೇಶ 'ಕ್ಲೈಂಟ್ ಹಲೋ' ಬಿಚ್ಚಿ ನೋಡಿದರೆ ನಾನು ಹೋಗುತ್ತಿರುವ ಸೈಟ್‌ನ ಹೆಸರು ಸಾಮಾನ್ಯವಾಗಿ ಓದುವ ಹಾಗೇ ಇರುತ್ತದೆ. ಬೀಗದ ಗುರುತು ಇದ್ದರೆ ಎಲ್ಲವೂ ಗುಟ್ಟು ಅಂದುಕೊಂಡಿದ್ದೆ, ಹಾಗಲ್ಲ. 2008ರ ಟಿಎಲ್‌ಎಸ್ 1.2ರಲ್ಲಿ ಸರ್ವರ್‌ನ ಗುರುತು ಖಾತ್ರಿ ಮಾಡುವ ಸರ್ಟಿಫಿಕೇಟ್ ಕೂಡ ಬಿಚ್ಚಾಗಿ ಬರುತ್ತದೆ. 2018ರ 1.3ರಲ್ಲಿ ಅದನ್ನೂ ಮುಚ್ಚಿದ್ದಾರೆ. ಒಂದು ಕಡೆ ಎಚ್ಚರ ಬೇಕು: 1.3ರ ಪ್ಯಾಕೆಟ್ ಬಿಚ್ಚಿದರೂ ವರ್ಷನ್ ಜಾಗದಲ್ಲಿ 1.2 ಅಂತಲೇ ಇರುತ್ತದೆ. ಹಳೇ ಉಪಕರಣಗಳು ಗಾಬರಿಯಾಗಿ ಸಂಪರ್ಕ ಕಡಿಯಬಾರದು ಅಂತ ಹಾಗೆ ಬಿಟ್ಟಿದ್ದಾರೆ. ನಿಜವಾದ ವರ್ಷನ್ ಇರೋದು ಕೆಳಗೆ ಎಕ್ಸ್‌ಟೆನ್ಷನ್ ಅನ್ನೋ ಹೆಚ್ಚುವರಿ ಭಾಗದಲ್ಲಿ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಮನೆಯಲ್ಲಿ ಕಟ್ಟಿ ನೋಡಲು ಆಗದ್ದಕ್ಕೆ ವೈರ್‌ಶಾರ್ಕ್‌ನವರ ವಿಕಿಯಲ್ಲಿ ಹಿಡಿದಿಟ್ಟ ಮಾದರಿ ಫೈಲ್‌ಗಳಿವೆ. ಐಪಿ ಪ್ಯಾಕೆಟ್‌ಗಳನ್ನೇ ಕಾಪಾಡುವ ಐಪಿಸೆಕ್ ಅನ್ನು ಅಂಥ ಫೈಲ್‌ಗಳಲ್ಲೇ ನೋಡಿದೆ. ಅದರ ಎರಡು ಬಗೆಗಳಲ್ಲಿ ಎಎಚ್ ಬಳಸಿದರೆ ಒಳಗಿನ ವಿಷಯ ಓದಬಹುದು, ತಿದ್ದಿದರೆ ಮಾತ್ರ ಸಿಕ್ಕಿಬೀಳುತ್ತೆ. ಇಎಸ್‌ಪಿಯಲ್ಲಿ ಗುರುತಿನ ಸಂಖ್ಯೆ, ಸರಣಿ ಸಂಖ್ಯೆ ಬಿಟ್ಟರೆ ಉಳಿದದ್ದು ಕತ್ತಲೆ. ನೆಟ್‌ವರ್ಕ್‌ಗೆ ಬರುವವರ ಲಾಗಿನ್ ಪರೀಕ್ಷಿಸುವ ರೇಡಿಯಸ್ ಕೂಡ ಅಲ್ಲೇ ನೋಡಿದೆ. ಬಳಕೆದಾರರ ಹೆಸರು ಕಾಣುತ್ತದೆ, ಪಾಸ್‌ವರ್ಡ್ ಮಾತ್ರ ಮುಚ್ಚಿರುತ್ತದೆ. ಅದೇ ಕೆಲಸ ಮಾಡುವ ಟಕಾಕ್ಸ್ ಪ್ಲಸ್‌ನಲ್ಲಿ ತಲೆಭಾಗ, ಅಂದರೆ ಹೆಡರ್ ಬಿಟ್ಟು ಉಳಿದದ್ದೆಲ್ಲ ಮುಚ್ಚಿರುತ್ತೆ. ಮಾಕ್ ಟೆಸ್ಟ್‌ಗಳಲ್ಲಿ ಈ ವ್ಯತ್ಯಾಸವನ್ನು ಎಷ್ಟು ಸಲ ಕೇಳಿದರೂ ಆಮೇಲೆ ತಪ್ಪಲಿಲ್ಲ.

ಎಲ್ಲರಿಗೂ ಸುಲಭ ಅಂತ ಹೇಳಲಾರೆ. ಮೊದಲ ಸಲ ಶುರು ಮಾಡಿದರೆ ಒಂದೇ ನಿಮಿಷದಲ್ಲಿ ಸಾವಿರಾರು ಸಾಲು ಓಡುತ್ತವೆ, ತಲೆ ತಿರುಗುತ್ತದೆ. ಹಿಡಿಯುವ ಮುಂಚೆ ಹಾಕುವ ಫಿಲ್ಟರ್ ಬೇರೆ, ಹಿಡಿದ ಮೇಲೆ ತೋರಿಸುವ ಫಿಲ್ಟರ್ ಬೇರೆ. ಎರಡರ ಬರವಣಿಗೆಯೂ ಬೇರೆ ಬೇರೆ. ಎರಡನೆಯದನ್ನು ಮಾತ್ರ ಮೊದಲು ಕಲಿಯಿರಿ. ವೈಫೈ ಸೇರುವಾಗ ನಡೆಯುವ ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕ್ ಗಾಳಿಯಿಂದಲೇ ಹಿಡಿಯಬೇಕಾದರೆ ಸುತ್ತಲಿನ ವೈಫೈ ಪ್ಯಾಕೆಟ್‌ಗಳನ್ನೆಲ್ಲ ಕೇಳುವ ಮಾನಿಟರ್ ಮೋಡ್ ಬೇಕು, ಎಲ್ಲ ಅಡಾಪ್ಟರ್‌ಗೂ ಅದು ಬರೋದಿಲ್ಲ. ನನ್ನದಕ್ಕೆ ಬರಲಿಲ್ಲ, ಮಾದರಿ ಫೈಲ್ ನೋಡಿದೆ. ಇನ್ನೊಂದು ಮುಖ್ಯ ಮಾತು: ನಿಮ್ಮದಲ್ಲದ ನೆಟ್‌ವರ್ಕ್‌ನಲ್ಲಿ ಒಪ್ಪಿಗೆ ಇಲ್ಲದೆ ಪ್ಯಾಕೆಟ್ ಹಿಡಿಯಬೇಡಿ. ಆಫೀಸಿನಲ್ಲಂತೂ ಬೇಡವೇ ಬೇಡ.

ಇದೊಂದನ್ನೇ ನಂಬಿಕೊಂಡು ಪರೀಕ್ಷೆಗೆ ಹೋಗೋದೂ ಬೇಡ. ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ, 900ಕ್ಕೆ 750 ಬರಬೇಕು. ಅಪಾಯ ನಿರ್ವಹಣೆ, ನೀತಿ ನಿಯಮಗಳಂಥ ವಿಷಯ ಪ್ಯಾಕೆಟ್‌ನಲ್ಲಿ ಸಿಗೋದಿಲ್ಲ, ಪುಸ್ತಕ ಓದಲೇಬೇಕು. ಪೋರ್ಟ್ ಪಟ್ಟಿಯೂ ಬಾಯಿಗೆ ಬರಬೇಕು. ವ್ಯತ್ಯಾಸ ಇಷ್ಟೇ, ಈಗ ಪ್ರತಿ ನಂಬರ್ ಹಿಂದೆ ನಾನೇ ನೋಡಿದ ಒಂದು ಚಿತ್ರ ಇದೆ.

ಶುರು ಮಾಡುವವರು ಸೈಟ್‌ನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಿಂದ ಶುರು ಮಾಡಿ. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಆ ಹುಡುಕಾಟವನ್ನು ಮುಚ್ಚಿ ಕಳಿಸುವ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆಫ್ ಮಾಡಿ. ವೈರ್‌ಶಾರ್ಕ್‌ನ ಫಿಲ್ಟರ್ ಜಾಗದಲ್ಲಿ dns ಅಂತ ಹಾಕಿ, ಯಾವತ್ತೂ ಹೋಗಿರದ ಒಂದು ಸೈಟ್‌ಗೆ ಹೋಗಿ. ನೀವು ಕೇಳಿದ ಹೆಸರು 53ರಲ್ಲಿ ಹಾಗೇ ಹೋಗೋದು ಕಾಣುತ್ತದೆ. ಈಗ ಆ ಸೆಟ್ಟಿಂಗ್ ಆನ್ ಮಾಡಿ, ಇನ್ನೊಂದು ಹೊಸ ಸೈಟ್‌ಗೆ ಹೋಗಿ ನೋಡಿ. ಅದರ ಹೆಸರು ಆ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಇರೋದಿಲ್ಲ.