ಡಲ್ಲಾಸ್‌ನ ರಿಯೂನಿಯನ್ ಟವರ್: ಹತ್ತೋದಾದ್ರೆ ಸಂಜೆ ಹತ್ತಿ

1978ರ ಈ ಗೋಪುರ 561 ಅಡಿ ಎತ್ತರ, ಊರು ನೋಡುವ ಜಾಗ ಇರೋದು ಸುಮಾರು 470 ಅಡಿಯಲ್ಲಿ. ಪಕ್ಕದ ದೊಡ್ಡ ಕಟ್ಟಡಗಳಿಗಿಂತ ಕುಳ್ಳು, ಆದರೆ ಅದೇ ಒಳ್ಳೆಯದಾಯ್ತು. ಕತ್ತಲಾದ ಮೇಲೆ 72 ಮಹಡಿಯ ಬ್ಯಾಂಕ್ ಆಫ್ ಅಮೆರಿಕ ಪ್ಲಾಜಾ ಅಂಚಿನುದ್ದಕ್ಕೂ ಹಸಿರು ದೀಪ ಹಚ್ಚಿಕೊಂಡು ಎದುರಿಗೇ ನಿಂತಿರುತ್ತದೆ, ಸುತ್ತ ಟೆಕ್ಸಸ್‌ನ ಚಪ್ಪಟೆ ನೆಲ ಕಣ್ಣು ಹಾಯಿಸಿದಷ್ಟೂ ದೂರ. ಒಂದೇ ತೊಂದರೆ: ಗೋಪುರದ ತುದಿಯಲ್ಲಿರುವ, ಊರಿನ ಗುರುತಾದ ದೀಪದ ಚೆಂಡಿನೊಳಗೇ ನೀವಿರೋದರಿಂದ ಅದು ಮಾತ್ರ ಕಾಣಲ್ಲ!

ಟೆಕ್ಸಸ್‌ನದೇ ಹ್ಯೂಸ್ಟನ್ ಊರಿನ ಕಟ್ಟಡಗಳು ಡಲ್ಲಾಸ್‌ಗಿಂತ ಎತ್ತರ, ಅಲ್ಲಿನ ಜೆಪಿಮಾರ್ಗನ್ ಚೇಸ್ ಟವರ್ 1,002 ಅಡಿ. ಆದರೂ ರಾತ್ರಿಯ ಬಣ್ಣಕ್ಕೆ ನನ್ನ ಓಟು ಡಲ್ಲಾಸ್‌ಗೆ. ಹಗಲಲ್ಲಾದರೆ ಅಟ್ಲಾಂಟಾ ಜಾಸ್ತಿ ಇಷ್ಟ, ಅಲ್ಲಿ ಡೌನ್‌ಟೌನ್‌ನಿಂದ ಮಿಡ್‌ಟೌನ್, ಬಕ್‌ಹೆಡ್ ಬಡಾವಣೆಗಳವರೆಗೆ ಮರಗಳ ನಡುವೆಯೇ ಗೋಪುರಗಳು ಎದ್ದಿವೆ.