ಹೋಟೆಲ್ ಬಿಲ್ ನಿಮ್ಮ ಕಾರ್ಡಿಗೇ ಹಾಕಿ ಅಂದರೆ ಹುಷಾರು

ಅಮೆರಿಕದಲ್ಲಿ ಕಂಪನಿ ಜೆಟ್ ಹಾರಿಸುವ ಕೆಲಸ ಸಿಕ್ಕಿದವರು ಸಂಬಳ ಕೇಳುತ್ತಾರೆ, ವಿಮಾನ ಯಾವುದು ಅಂತ ಕೇಳುತ್ತಾರೆ, ರಜೆ ಎಷ್ಟು ಅಂತಲೂ ಕೇಳುತ್ತಾರೆ. ಹೊರಗೆ ಉಳಿದಾಗ ಊಟಕ್ಕೆ, ರೂಮಿಗೆ ಯಾರು ದುಡ್ಡು ಹಾಕಬೇಕು, ಅದು ಯಾವಾಗ ವಾಪಸ್ ಬರುತ್ತದೆ ಅನ್ನೋದನ್ನು ಕೇಳುವವರು ಕಡಿಮೆ. ನಾನು ಹಿಂದೆ ಪೈಲಟ್ ಆಗಿದ್ದ ಒಂದು ಫ್ಲೈಟ್ ಡಿಪಾರ್ಟ್‌ಮೆಂಟ್‌ನಲ್ಲಿ, ಅಂದರೆ ಕಂಪನಿಯ ಸ್ವಂತ ವಿಮಾನ ನೋಡಿಕೊಳ್ಳುವ ವಿಭಾಗದಲ್ಲಿ, ಇದೇ ವಿಷಯ ತಲೆನೋವಾಯಿತು. ಕಂಪನಿ ಹೆಸರು ಬೇಡ. ಅಂಥವು ಇನ್ನೂ ಇವೆ, ಅದಕ್ಕೇ ಬರೆಯುತ್ತಿದ್ದೇನೆ.

ಏರ್‌ಲೈನ್‌ನಲ್ಲಿ ಈ ಗೋಳಿಲ್ಲ. ರೂಮನ್ನು ಕಂಪನಿಯೇ ಬುಕ್ ಮಾಡುತ್ತದೆ, ಊಟಕ್ಕೆ ಗಂಟೆ ಲೆಕ್ಕದಲ್ಲಿ ಪರ್ ಡೀಮ್ (ಹೊರಗಿದ್ದಾಗಿನ ನಿಗದಿತ ಭತ್ಯೆ) ಬರುತ್ತದೆ, ಯೂನಿಯನ್ ಇದ್ದರೆ ಎಲ್ಲವೂ ಒಪ್ಪಂದದಲ್ಲಿರುತ್ತದೆ. ಒಂದೇ ಜೆಟ್, ನಾಲ್ಕು ಪೈಲಟ್ ಇರುವ ಸಣ್ಣ ಡಿಪಾರ್ಟ್‌ಮೆಂಟ್‌ನಲ್ಲಿ ಮಾಲೀಕರು ಹೇಳಿದ್ದೇ ಪಾಲಿಸಿ. ಒಳ್ಳೆಯ ಕಡೆ ಪೈಲಟ್ ಕೈಗೆ ಕಂಪನಿ ಕಾರ್ಡ್ ಕೊಡುತ್ತಾರೆ. ಇಲ್ಲವೇ ರೂಮಿನ ಖರ್ಚು ಕಂಪನಿಯದು, ಊಟಕ್ಕೆ ದಿನಕ್ಕಿಷ್ಟು ಅಂತ ಪರ್ ಡೀಮ್. ಮೂರನೆಯದು, ಎಲ್ಲವನ್ನೂ ನೀವು ಕಟ್ಟಿ, ಬಿಲ್ ಕೊಟ್ಟು, ಕಾಯೋದು. ನಮ್ಮಲ್ಲಿ ಬಾಯಲ್ಲಿ ಮೊದಲನೆಯದು, ನಡೆಯುತ್ತಿದ್ದದ್ದು ಮೂರನೆಯದು.

ಒಂದು ರಾತ್ರಿಯದು ಹೇಳುತ್ತೇನೆ. ಬಾಸ್ ಮೀಟಿಂಗ್ ಮುಗಿಸಿ ವಿಮಾನ ಹತ್ತುವಾಗಲೇ ತಡವಾಗಿತ್ತು. ಇಳಿದು, ವಿಮಾನಕ್ಕೆ ಕವರ್ ಹಾಕಿ ಹೋಟೆಲ್ ಸೇರಿದಾಗ ನಡುರಾತ್ರಿ ದಾಟಿತ್ತು. ಬುಕಿಂಗ್ ಇದೆ, ಆದರೆ ಕಾರ್ಡ್ ಆಫೀಸಿನಲ್ಲಿದೆ. 'ಬೇರೆಯವರ ಕಾರ್ಡಿಗೆ ಚಾರ್ಜ್ ಮಾಡಬೇಕಾದರೆ ಅವರು ಸಹಿ ಮಾಡಿದ ಫಾರಂ ಬೇಕು, ಅದು ಬಂದಿಲ್ಲ' ಅಂದಳು ಕೌಂಟರಿನ ಹುಡುಗಿ. ಅವಳ ತಪ್ಪೇನೂ ಇಲ್ಲ. ಚೀಫ್ ಪೈಲಟ್ ಫೋನ್ ಎತ್ತಲಿಲ್ಲ. ಕ್ಯಾಪ್ಟನ್ ಕಾರ್ಡಿನ ಲಿಮಿಟ್ ಹಿಂದಿನ ಟ್ರಿಪ್‌ಗಳಿಂದಲೇ ತುಂಬಿತ್ತು. ಕೊನೆಗೆ ಎರಡೂ ರೂಮು ನನ್ನ ಕಾರ್ಡಿಗೆ. ಮೇಲೆ ಡೆಪಾಸಿಟ್ ಅಂತ ಒಂದಷ್ಟು ದುಡ್ಡು ಹಿಡಿದಿಟ್ಟರು.

ಇದು ಬರೀ ದುಡ್ಡಿನ ಮಾತಲ್ಲ. ಚಾರ್ಟರ್, ಅಂದರೆ ಬಾಡಿಗೆ ಹಾರಾಟಕ್ಕೆ ಅಮೆರಿಕದ ವಿಮಾನಯಾನ ನಿಯಮಗಳಲ್ಲಿ ಪಾರ್ಟ್ 135 ಅನ್ವಯಿಸುತ್ತದೆ, ಇಬ್ಬರು ಪೈಲಟ್‌ಗಳ ಸಾಮಾನ್ಯ ಚಾರ್ಟರ್ ಟ್ರಿಪ್ ಆದರೆ 10 ಗಂಟೆ ವಿಶ್ರಾಂತಿ ಕೊಡಲೇಬೇಕು. ಕಂಪನಿ ತನ್ನದೇ ಜನರನ್ನು ಒಯ್ಯುವ ಪಾರ್ಟ್ 91 ಹಾರಾಟಕ್ಕೆ ಸಾಮಾನ್ಯವಾಗಿ ಅಂಥ ಕಡ್ಡಾಯವಿಲ್ಲ. ಕೌಂಟರ್ ಮುಂದೆ ನಿಂತ ಹೊತ್ತೆಲ್ಲ ನಮ್ಮ ನಿದ್ದೆಯಲ್ಲೇ ಕಡಿತವಾಯಿತು. ಬೆಳಗ್ಗೆ ಎದ್ದು ಅದೇ ಬಾಸನ್ನು ಕೂರಿಸಿಕೊಂಡು ಹಾರಬೇಕಲ್ವಾ?

ಇನ್ನು ಅಕೌಂಟ್ಸ್‌ನವರ ಕಥೆ. ರಾತ್ರಿ ಊಟದ ಬಿಲ್ ವಾಪಸ್ ಬಂತು, ಕಾರ್ಡ್ ಸ್ಲಿಪ್ ಇದೆ, ಏನು ತಿಂದಿರಿ ಅನ್ನುವ ಬಿಲ್ ಇಲ್ಲ ಅಂತ. ಮತ್ತೊಂದರ ಮೇಲೆ 'ವಿಮಾನದಲ್ಲಿ ಕೇಟರಿಂಗ್ ಇತ್ತಲ್ಲ?' ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಪ್ರಯಾಣಿಕರು ತಿಂದು ಬಿಟ್ಟ ತಟ್ಟೆಯನ್ನು ನಮ್ಮ ಊಟ ಅಂತ ಎಣಿಸಿದ್ದರು! ಕೋಟಿಗಟ್ಟಲೆ ಬೆಲೆಯ ವಿಮಾನವನ್ನು ಕೈಗೆ ಕೊಡುವವರಿಗೆ ನಾವು ಹೇಳುವ ಒಂದು ಸ್ಯಾಂಡ್‌ವಿಚ್ಚಿನ ಲೆಕ್ಕದ ಮೇಲೆ ನಂಬಿಕೆ ಇಲ್ಲ.

ತೆರಿಗೆ ನಿಯಮ ಇಷ್ಟು ಕಟ್ಟುನಿಟ್ಟಾಗಿ ಕೇಳೋದೂ ಇಲ್ಲ. ರೂಮಿನ ಖರ್ಚು ಬಿಟ್ಟರೆ 75 ಡಾಲರ್‌ಗಿಂತ ಕಡಿಮೆ ಖರ್ಚಿಗೆ ಸಾಮಾನ್ಯವಾಗಿ ರಸೀದಿ ಬೇಕಿಲ್ಲ, ಎಲ್ಲಿ, ಯಾವಾಗ, ಯಾಕೆ, ಎಷ್ಟು ಅಂತ ಬರೆದಿಟ್ಟರೆ ಸಾಕು. ಪರ್ ಡೀಮ್ ಕೊಟ್ಟರೆ ಊಟದ ರಸೀದಿಯ ರಗಳೆಯೇ ಇಲ್ಲ. ಸಾರಿಗೆ ಕೆಲಸದವರಿಗೆಂದೇ ತೆರಿಗೆ ಇಲಾಖೆ ಒಂದು ದರ ಇಟ್ಟಿದೆ. 2024ರ ಅಕ್ಟೋಬರ್‌ನಿಂದ ಅದು ದೇಶದೊಳಗೆ ದಿನಕ್ಕೆ 80 ಡಾಲರ್, ಹೊರಗೆ 86. ಆ ಮಿತಿಯೊಳಗೆ, ಸರಿಯಾದ ಲೆಕ್ಕದೊಂದಿಗೆ ಕೊಟ್ಟರೆ ಪೈಲಟ್‌ಗೆ ತೆರಿಗೆ ಬೀಳುವುದಿಲ್ಲ. ಒಂದೇ ಎಚ್ಚರ, ಅದೇ ದಿನ ಮನೆಗೆ ವಾಪಸ್ ಬಂದ ಟ್ರಿಪ್‌ಗೆ ಊಟದ ಭತ್ಯೆ ಕೊಟ್ಟರೆ ಅದು ಸಾಮಾನ್ಯವಾಗಿ ಸಂಬಳದ ಲೆಕ್ಕಕ್ಕೇ ಸೇರುತ್ತದೆ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ವರ್ಷದ ಕೊನೆಗೆ ಸಂಬಳ-ತೆರಿಗೆಯ ಚೀಟಿ ಬಂದಾಗಲೇ ಗೊತ್ತಾಗಿದ್ದು.

ಇಷ್ಟರಲ್ಲಿ ವಿಮಾನ ಮಾರಾಟವಾಯಿತು. ಈ ವೃತ್ತಿಯಲ್ಲಿ ಇದು ಹೊಸದೇನಲ್ಲ. ಕಂಪನಿಗೆ ಕಷ್ಟ ಬಂದರೆ ಮೊದಲು ಕಣ್ಣಿಗೆ ಬೀಳೋದೇ ಜೆಟ್. ಕೊನೆಯ ಸಂಬಳ ಬಂತು, ಬಾಕಿ ಖರ್ಚು ಬರಲಿಲ್ಲ. ಮೇಲ್ ಹಾಕಿದರೆ 'ಪರಿಶೀಲನೆಯಲ್ಲಿದೆ'. ಅದನ್ನು ನೋಡುತ್ತಿದ್ದವರೂ ಕೆಲಸ ಬಿಟ್ಟಿದ್ದರು. ಕಾರ್ಡಿನ ಬಡ್ಡಿ ಮಾತ್ರ ತಿಂಗಳು ತಿಂಗಳು ತಪ್ಪದೆ ಬಂತು. ತೆರಿಗೆ ಲೆಕ್ಕದಲ್ಲಾದರೂ ಆ ಖರ್ಚನ್ನು ಆದಾಯದಿಂದ ಕಳೆಯೋಣ ಅಂದರೆ ಅದೂ ಆಗಲ್ಲ. 2018ರಿಂದ ನೌಕರರು ತಮ್ಮ ಕೈಯಿಂದ ಹಾಕಿದ ಕೆಲಸದ ಖರ್ಚನ್ನು ಫೆಡರಲ್ ತೆರಿಗೆಯಲ್ಲಿ ಕಳೆಯುವಂತಿಲ್ಲ. ನೌಕರಿಯಲ್ಲಿರದೆ ಸ್ವಂತವಾಗಿ ದುಡಿಯುವ ಕಾಂಟ್ರಾಕ್ಟ್ ಪೈಲಟ್ ಆದರೆ ವ್ಯವಹಾರದ ಖರ್ಚು ಅಂತ ತೋರಿಸಬಹುದು, ಅದರಲ್ಲೂ ಊಟದ್ದು ಪೂರ್ತಿ ಅಲ್ಲ.

ಹಾಗಾಗಿ ಕೆಲಸಕ್ಕೆ ಹೂಂ ಅನ್ನುವ ಮೊದಲು ಒಂದು ಮೇಲ್ ಹಾಕಿ. ಕಾರ್ಡ್ ಯಾರ ಹೆಸರಿನಲ್ಲಿ, ಯಾರ ಕೈಯಲ್ಲಿರುತ್ತದೆ? ಪರ್ ಡೀಮ್ ಎಷ್ಟು, ಹೊರಟ ದಿನ ಮತ್ತು ವಾಪಸ್ ಬಂದ ದಿನ ಪೂರ್ತಿ ಕೊಡುತ್ತೀರಾ? ಸರ್ಕಾರಿ ದರ ಅನುಸರಿಸುವ ಕಡೆ ಆ ಎರಡು ದಿನಕ್ಕೆ ಮುಕ್ಕಾಲು ಭಾಗ ಮಾತ್ರ. ಬಿಲ್ ಕೊಟ್ಟ ಎಷ್ಟು ದಿನಕ್ಕೆ ದುಡ್ಡು? ಈ ಕೊನೆಯದೇ ಮುಖ್ಯ. ಪೈಲಟ್ 60 ದಿನದೊಳಗೆ ಲೆಕ್ಕ ಕೊಟ್ಟರೆ, ಉಳಿದ ಮುಂಗಡವನ್ನು 120 ದಿನದೊಳಗೆ ವಾಪಸ್ ಕೊಟ್ಟರೆ ತೆರಿಗೆ ಇಲಾಖೆಗೆ ತಕರಾರಿಲ್ಲ. ನಮಗೆ ಇಷ್ಟು ಗಡುವು ಇದೆ, ಕಂಪನಿಗೆ ಅದರಲ್ಲಿ ಗಡುವೇನೂ ಇಲ್ಲ. ಅದನ್ನು ನೀವೇ ಬರೆಸಿಕೊಳ್ಳಬೇಕು. 'ಅದೆಲ್ಲ ಆಮೇಲೆ ನೋಡೋಣ' ಅಂದವರ ಟ್ರಿಪ್ ನಾನಂತೂ ಈಗ ಒಪ್ಪುವುದಿಲ್ಲ.

ದುಡ್ಡು ಆಗಲೇ ಸಿಕ್ಕಿಹಾಕಿಕೊಂಡಿದ್ದರೆ, ನೀವು ಯಾವ ರಾಜ್ಯದಲ್ಲಿ ಕೆಲಸಕ್ಕಿದ್ದಿರಿ ನೋಡಿ. ಕ್ಯಾಲಿಫೋರ್ನಿಯಾದ ಲೇಬರ್ ಕೋಡ್ 2802ನೇ ಸೆಕ್ಷನ್ ಪ್ರಕಾರ ಕೆಲಸಕ್ಕೆ ಬೇಕಾದ ಖರ್ಚನ್ನು ನೌಕರರಿಗೆ ಕಂಪನಿ ಕೊಡಲೇಬೇಕು. ಇಲಿನಾಯ್‌ನಲ್ಲೂ 2019ರಿಂದ ಅಂಥ ಕಾನೂನಿದೆ, ಆದರೆ ಅಲ್ಲಿ ಖರ್ಚಾದ 30 ದಿನದೊಳಗೆ ಲೆಕ್ಕ ಕೊಟ್ಟಿರಬೇಕು. ಬಿಲ್‌ಗಳ ಫೋಟೊ ಕಂಪನಿ ಮೇಲ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ವಿಮಾನ ಮಾರಿದ ದಿನವೇ ನಮ್ಮ ಲಾಗಿನ್ ಕೂಡ ಮುಚ್ಚಿದ್ದರು.